ಪೂಜೆಯ ಮರುದಿನದ ಟ್ರ್ಯಾಕ್ಟರ್

ನಮ್ಮ ಟ್ರ್ಯಾಕ್ಟರ್ ಈ ಮನೆಗೆ ನನಗಿಂತ ಮೊದಲು ಬಂದದ್ದು. ಹಾಗಾಗಿ ಹಿರಿಯ ಹೆಂಡತಿ ಅದೇ ಎಂದು ನನ್ನ ಗಂಡನನ್ನು ಆಗಾಗ ಕುಟುಕುತ್ತೇನೆ. ಈ ಸಲ ಆಯುಧಪೂಜೆಗೆ ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿ, ತಂತಿಗಳನ್ನೆಲ್ಲ ಬಿಚ್ಚಿ, ಸಂದುಗೊಂದಿಗೂ ಕೆಂಪು ಬಣ್ಣ ಬಳಿದರು. ಒಣಗಿದ ಮೇಲೆ ತಂತಿಗಳನ್ನು ಮತ್ತೆ ಸಿಕ್ಕಿಸಿದರು. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಯಾರೂ ಬಳಸುವಂತಿಲ್ಲ. ಆದ್ದರಿಂದ ಗಾಡಿ ಕೈಕೊಟ್ಟದ್ದು ನಮಗೆ ಗೊತ್ತಾದದ್ದು ಮರುದಿನ ಬೆಳಗ್ಗೆ.

ಕೀ ತಿರುಗಿಸಿದರೆ ಸ್ಟಾರ್ಟರ್ ಉಸಿರೆತ್ತಲಿಲ್ಲ, ಟಕ್ ಎನ್ನುವ ಸದ್ದೂ ಇಲ್ಲ. ಹಾರ್ನ್ ಜೋರಾಗಿಯೇ ಕೂಗಿತು, ದೀಪ ಢಾಳಾಗಿ ಉರಿಯಿತು. ಅಂದರೆ ಬ್ಯಾಟರಿಯದೇನೂ ತಪ್ಪಿಲ್ಲ. ಕುಬಟೂರಿನ ದಾರಿಯ ಹೊಲದಲ್ಲಿ ಮುರಿದು ಹಾಕಿದ್ದ ಮೆಕ್ಕೆಜೋಳದ ತೆನೆ ಬಯಲಲ್ಲೇ ಬಿದ್ದಿತ್ತು, ಮೇಲೆ ಮೋಡ ಕಟ್ಟಿತ್ತು.

“ಸ್ಕ್ರೂಡ್ರೈವರ್ ಕೊಡೇ, ಕೆಳಗಿಂದ್ಲೇ ತಾಗಿಸಿ ಸ್ಟಾರ್ಟ್ ಮಾಡ್ತೀನಿ,” ಎಂದರು ಇವರು.

ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇತ್ತು, ಕೊಡಲಿಲ್ಲ. ದೊಡ್ಡ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಸ್ಟಾರ್ಟರಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದರೆ ಕೀ ಇಲ್ಲದೆಯೇ ಎಂಜಿನ್ ತಿರುಗುತ್ತದೆ. ಗಾಡಿ ಗೇರಿನಲ್ಲಿದ್ದರೆ ಅದರ ಜೊತೆ ಚಕ್ರವೂ ತಿರುಗುತ್ತದೆ. ತಾಳಗುಂದದಲ್ಲಿ ನನ್ನ ಸೋದರಮಾವ ಸತ್ತದ್ದು ಹಾಗೆಯೇ. ಅವರನ್ನು ಚಕ್ರದಡಿಯಿಂದ ಎಳೆದು ತೆಗೆಯುವಾಗ ನಾನು ಅಲ್ಲೇ ಇದ್ದೆ. ನೋಡಿದ್ದನ್ನು ಇವರಿಗೂ ಪೂರ್ತಿ ಹೇಳಿಲ್ಲ, ಇಲ್ಲಿಯೂ ಬರೆಯಲಾರೆ.

“ಬ್ಯಾಡ್ರೀ. ಮೊದ್ಲು ಗೇರ್ ನೋಡ್ರಿ,” ಎಂದೆ.

“ಸಪಾಟು ಅಂಗಳದಲ್ಲಿ ಯಾರಾದ್ರೂ ಗೇರಿಗೆ ಹಾಕ್ತಾರೇನೇ ಮಾರಾಯ್ತಿ? ನ್ಯೂಟ್ರಲ್‌ನಲ್ಲೇ ಇದೆ.”

ಹೇಳಿದರೇ ಹೊರತು ಹತ್ತಿ ನೋಡಲಿಲ್ಲ. ನಮ್ಮ ಗಾಡಿಯ ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ. ದಿನವೂ ಮನೆಯ ಹಿಂದಿನ ಇಳಿಜಾರಿನಲ್ಲಿ ಗೇರಿಗೆ ಹಾಕಿಯೇ ನಿಲ್ಲಿಸುವುದು ರೂಢಿ. ಆ ಕೈಗೆ ಅಂಗಳ ಯಾವುದು, ಇಳಿಜಾರು ಯಾವುದು ಎಂದು ಹೇಗೆ ಗೊತ್ತಾಗಬೇಕು?

ಜಗುಲಿಯಲ್ಲಿ ಹೂ ಕಟ್ಟುತ್ತಿದ್ದ ನನ್ನ ಅತ್ತೆ ಮಗನ ಪರ ನಿಂತರು. “ಕೊಡೇ ಅವ್ನಿಗೆ. ಎಷ್ಟ್ ಸಲ ಹಾಗೆ ಸ್ಟಾರ್ಟ್ ಮಾಡಿಲ್ಲ ಅವ್ನು? ನಿನ್ನೆ ತಾನೇ ಪೂಜೆ ಆಗಿರೋ ಗಾಡಿ, ಏನೂ ಮಾಡಲ್ಲ.”

“ನನ್ನ ಸೋದರಮಾವನ ಗಾಡಿಗೂ ಪೂಜೆ ಆಗಿತ್ರೀ ಅತ್ತೆ,” ಎಂದೆ. ದನಿ ಏರಿತ್ತು. ಏರಲಿ ಎಂದೇ ಬಿಟ್ಟೆ. ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೆ.

“ತೆನೆ ನೆಂದು ಮೊಳಕೆ ಬಂದ್ರೆ ನೀನೇ ತಿನ್ನು.”

“ತಿಂತೀನಿ.”

ಮದುವೆಯಾದ ಮೇಲೆ ಇವರು ನನ್ನನ್ನು ಅಷ್ಟು ಸಿಟ್ಟಿನಿಂದ ನೋಡಿದ್ದು ನೆನಪಿಲ್ಲ. ನನಗೂ ಅವರ ಮೇಲೆ ಅಷ್ಟೇ ಸಿಟ್ಟು, ಒಳಗೆ ಅದಕ್ಕಿಂತ ದೊಡ್ಡ ಹೆದರಿಕೆ. ಬೇರೆ ದಾರಿಯಿಲ್ಲದೆ ಅವರು ಚಕ್ರದ ಮುಂದೆ ಬಗ್ಗಿ ಕೂತು, ಕೀಯಿಂದ ಸ್ಟಾರ್ಟರಿಗೆ ಬರುವ ಸಣ್ಣ ತಂತಿಯನ್ನು ಸಿಟ್ಟಿಗೆ ಜಗ್ಗಿದರು. ಕಿತ್ತು ಕೈಗೆ ಬಂತು. ತಂತಿ ಕೂರುವ ಪಿನ್ನು ಹೊಸ ಬಣ್ಣದಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಪ್ರೀತಿಯಿಂದ ಬಳಿದ ಬಣ್ಣವೇ ಕರೆಂಟನ್ನು ತಡೆದಿತ್ತು. ನಾನು ಅಡುಗೆಮನೆಯ ಚಾಕು ತಂದುಕೊಟ್ಟೆ. ಅವರು ಬಣ್ಣ ಕೆರೆದು, ತಂತಿ ಸಿಕ್ಕಿಸಿ, ಸೀಟು ಹತ್ತಿದರು.

ಅಭ್ಯಾಸದಂತೆ ಕ್ಲಚ್ ಒತ್ತಿ ಕೀ ತಿರುಗಿಸಿದರು. ಎಂಜಿನ್ ಮೊದಲ ಸಲಕ್ಕೇ ಹತ್ತಿತು. ನೋಡಿದೆಯಾ ಎನ್ನುವಂತೆ ನನ್ನ ಕಡೆ ತಿರುಗಿ, ಕ್ಲಚ್ಚಿನಿಂದ ಕಾಲು ತೆಗೆದರು.

ಗಾಡಿ ಧಡಕ್ಕನೆ ಮುಂದೆ ನುಗ್ಗಿತು. ಚಕ್ರದ ಮುಂದೆ ಇಟ್ಟಿದ್ದ ಪೂಜೆಯ ನಿಂಬೆಹಣ್ಣು ಚಪ್ಪಟೆಯಾಯಿತು. ಇವರು ಬ್ರೇಕು ತುಳಿದು ನಿಲ್ಲಿಸುವಷ್ಟರಲ್ಲಿ ದೊಡ್ಡ ಚಕ್ರ, ಸ್ವಲ್ಪ ಹೊತ್ತಿಗೆ ಮುಂಚೆ ಅವರು ಬಗ್ಗಿ ಕೂತಿದ್ದ ಜಾಗವನ್ನು ದಾಟಿತ್ತು.

ಅತ್ತೆಯ ಕೈಯಿಂದ ಹೂವಿನ ಬುಟ್ಟಿ ಜಾರಿತು. ಇವರು ಸ್ಟೇರಿಂಗ್ ಬಿಡದೆ ಕೂತಿದ್ದರು. “ಗೇರಲ್ಲೇ ಇತ್ತು ಕಣೇ,” ಎಂದರು.

ಮಳೆಗೆ ಮುಂಚೆ ತೆನೆ ಮನೆ ಸೇರಿತು. ಮಧ್ಯಾಹ್ನ ಇವರು ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಬಡಿಸುತ್ತಾ ಅವರ ಮಡಚಿದ ಎರಡು ಕಾಲುಗಳನ್ನೇ ನೋಡುತ್ತಿದ್ದೆ. ಸಾರು ಎಲೆಯಿಂದ ಹೊರಗೆ ಹರಿಯಿತು. ಅವರು ಬೈಯಲಿಲ್ಲ, ಸೌಟು ಹಿಡಿದ ನನ್ನ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದರು.