ಎರಡು ನೀರು ಬಿಟ್ಟ ಬಾಟ್ಲಿ ಅಕ್ಕ

ಬೆಳಗಿನ ಆರಕ್ಕೆ ಸೂಕ್ಷ್ಮಾಣು ಪ್ರಯೋಗಾಲಯದಲ್ಲಿ ಇರುವುದು ಇಬ್ಬರೇ: ಕಾವಲುಗಾರ ಮತ್ತು ಬಾಟ್ಲಿ ಅಕ್ಕ. ಕಾವಲುಗಾರನದು ಅರೆನಿದ್ದೆ. ಅಕ್ಕ ಮಾತ್ರ ಮೊಣಕೈವರೆಗೆ ರಬ್ಬರ್ ಗವಸು ಏರಿಸಿ ಗಾಜಿನ ಬಾಟಲಿಗಳನ್ನು ಉಜ್ಜುತ್ತಿದ್ದಾರೆ. ದಿನಕ್ಕೆ ಮುನ್ನೂರು. ನಾಲ್ಕು ಸಲ ನಲ್ಲಿ ನೀರು, ಆಮೇಲೆ ಮೂರು ಸಲ ಡಿಸ್ಟಿಲ್ಡ್ ನೀರು.

"ಮನೇಲಿ ಯಜಮಾನ್ರು ಲೋಟ ತೊಳೆದ್ರೂ ನಾನು ಮತ್ತೆ ತೊಳೀತೀನಿ. ಅದಕ್ಕೇ ಅವ್ರು ತೊಳೆಯೋದೇ ಬಿಟ್ರು, ಜಾಣರು!" ಎಂದು ನಗುತ್ತಾರೆ.

ಗಂಡ ಕಾಲು ಮುರಿದುಕೊಂಡ ವರ್ಷ ಗುತ್ತಿಗೆಯ ಮೇಲೆ ಸೇರಿದವರು, ಹದಿನಾಲ್ಕು ವರ್ಷವಾಯಿತು. ಓದಿದ್ದು ಏಳನೆಯ ತರಗತಿ. ಆದರೂ ಇಲ್ಲಿನ ಸಂಶೋಧನೆಯನ್ನು ಅವರ ಬಾಯಲ್ಲೇ ಕೇಳಬೇಕು. "ಕೆಲವು ಬ್ಯಾಕ್ಟೀರಿಯಾಕ್ಕೆ ಔಷಧಿಗೆ ಬಗ್ಗದ ಜೀನ್ ಇರತ್ತೆ. ಇಲ್ಲದವು ನೀರಿಗೆ ಏನೋ ರಸ ಬಿಡ್ತವೆ, ನಮಗೂ ಕೊಡ್ರಪ್ಪಾ ಅಂತ. ಇರೋವಕ್ಕೆ ಆ ರಸ ತಾಕಿದ್ರೆ ಸಾಕು, ಮೈ ಅಂಟಂಟಾಗಿ ಸಿಕ್ಕಿದ್ದಕ್ಕೆ ಅಂಟ್ಕೊಂಡು ಕೊಡ್ತವೆ. ಯಾರೂ ಕೇಳದಿದ್ರೆ ಸುಮ್ನಿರ್ತವೆ." ಹಾಗೆ ಅಂಟಿಕೊಂಡಾಗ ಬಾಟಲಿಯ ತಳದಲ್ಲಿ ಒಡೆದ ಹಾಲಿನಂಥ ಚೂರುಗಳು ಕಾಣುತ್ತವೆ.

ಕಳೆದ ವರ್ಷ ಸಂಶೋಧಕಿಯೊಬ್ಬಳ ಬಾಟಲಿಗಳಲ್ಲಿ ಜೀನ್ ಇರುವವು ಮಾತ್ರ ಇದ್ದರೂ ಚೂರು ಕಾಣಿಸಿತು. ಕೇಳುವವರಿಲ್ಲದೆ ಕೊಡುವವು ಒಟ್ಟುಗೂಡಿದವೆಂದರೆ ಹೊಸ ಶೋಧ! ಪ್ರಬಂಧ ಸಿದ್ಧವಾಯಿತು, ಹುಡುಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಕ್ಕನಿಗೆ ಮಾತ್ರ ಒಂದು ಸಂಗತಿ ನೆನಪಾಯಿತು. ಆ ಬಾಟಲಿಗಳಲ್ಲಿ ಹಿಂದಿನ ವಾರ ಜೀನ್ ಇಲ್ಲದವು ಬೆಳೆದಿದ್ದವು. ಡಿಸ್ಟಿಲ್ಡ್ ನೀರಿನ ಯಂತ್ರ ಕೆಟ್ಟು, ಉಳಿದಿದ್ದ ನೀರು ಸಾಲದ್ದರಿಂದ ಅಕ್ಕ ಅವನ್ನು ಮೂರರ ಬದಲು ಒಂದೇ ನೀರಲ್ಲಿ ಮುಗಿಸಿದ್ದರು. ಹೇಗೂ ಆಮೇಲೆ ಬಾಟಲಿಗಳನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುತ್ತಾರಲ್ಲ ಎಂಬ ಧೈರ್ಯ. ಬೇಯಿಸಿದರೂ ಆ ರಸದ ಶಕ್ತಿ ಹೋಗದು, ಜೀನ್ ಇರುವವು ಒಂದಕ್ಕೊಂದು ಅಂಟಿಕೊಳ್ಳಲು ತೃಣದಷ್ಟಿದ್ದರೂ ಸಾಕು ಎಂದು ಅದೇ ಹುಡುಗಿ ಯಾರಿಗೋ ಹೇಳಿದ್ದು ಆಮೇಲೆ ಕಿವಿಗೆ ಬಿದ್ದಿತ್ತು.

ಗುತ್ತಿಗೆ ನವೀಕರಣಕ್ಕೆ ಹತ್ತೇ ದಿನ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಹುಡುಗಿಯ ಮೇಜಿನ ಮುಂದೆ ನಿಂತರು. "ನಿನ್ನ ಬಾಟ್ಲಿ ನಾನು ಸರಿಯಾಗಿ ತೊಳೆದಿರಲಿಲ್ಲ ಕಣಮ್ಮ."

ಹುಡುಗಿ ಅತ್ತಳು, ಹದಿನೈದು ದಿನ ಮಾತು ಬಿಟ್ಟಳು. ಸರಿಯಾಗಿ ತೊಳೆದ ಬಾಟಲಿಗಳಲ್ಲಿ ಪ್ರಯೋಗ ಮತ್ತೆ ನಡೆಯಿತು. ಒಂದು ಚೂರೂ ಇಲ್ಲ. ಪ್ರಬಂಧ ಮೂಲೆ ಸೇರಿತು. ಮುಖ್ಯಸ್ಥರು ಚೆನ್ನಾಗಿ ಬೈದರು, ಬೈದು ಗುತ್ತಿಗೆಗೆ ಸಹಿ ಹಾಕಿದರು. ಈಗ ಆ ಹುಡುಗಿ ತನ್ನ ಬಾಟಲಿಗಳನ್ನು ತೊಳೆಯಲು ಅಕ್ಕನಿಗಲ್ಲದೆ ಬೇರೆ ಯಾರ ಕೈಗೂ ಕೊಡುವುದಿಲ್ಲ.

ಕೆಲಸ ಹೋಗಿದ್ದರೆ ಏನು ಗತಿ ಎಂದು ಕೇಳಿದರೆ ಅಕ್ಕ ನಲ್ಲಿ ನಿಲ್ಲಿಸುತ್ತಾರೆ.

"ಭಯ ಇತ್ತು ಕಣಪ್ಪಾ. ಆದ್ರೆ ಆ ಸುಳ್ಳು ಅಚ್ಚಾಗಿದ್ರೆ, ಅದನ್ನ ಯಾವ ನೀರಲ್ಲಿ ತೊಳೀಲಿ?"