ತೊಳೆಯದ ಬೇರು

ನನ್ನ ಅಕ್ಕನನ್ನು ಜಗಳೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟಿದೆ. ಅವಳ ಅತ್ತೆ ಹತ್ತಿಪ್ಪತ್ತು ಕುರಿ ಸಾಕಿಕೊಂಡಿರುವ, ಕಡಿಮೆ ಮಾತಿನ ಹೆಂಗಸು. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತೇನೆ. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಸಂಶೋಧನೆಗೆ ಸೇರಿ ಕೆಲವು ತಿಂಗಳಾಗಿದ್ದವು. ರೋಗಾಣುಗಳನ್ನು ತಡೆಯುವ ಗುಣ ಯಾವ ಗಿಡದಲ್ಲಿದೆ ಎಂದು ಹುಡುಕುವುದು ನನ್ನ ವಿಷಯ. ಆದರೆ ಯಾವ ಗಿಡ ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ. ಗೈಡ್ ದಿನಾ ಕೇಳುತ್ತಿದ್ದರು. ತಲೆ ಕೆಟ್ಟು ನಾಲ್ಕು ದಿನ ಅಕ್ಕನ ಮನೆಗೆ ಹೋಗಿದ್ದೆ.

ಹೋದ ದಿನವೇ, ಕುರಿ ಕೂಡುವ ಅವರ ರೊಪ್ಪದಲ್ಲಿ ಒಂದು ಕುರಿ ಕಾಲೂರಲಾಗದೆ ನಿಂತಿತ್ತು. ಗೊರಸಿನ ಸಂದಿಯಲ್ಲಿ ಕೀವು. ಅತ್ತೆ ಮನೆಯ ಹಿಂದಿನ ಗುಡ್ಡಕ್ಕೆ ಹೋಗಿ ಒಂದು ಗಿಡ ಕಿತ್ತು ತಂದರು. ಬೇರನ್ನು ಮಣ್ಣಿನ ಸಮೇತ ಕಲ್ಲಿನ ಮೇಲೆ ಜಜ್ಜಿ, ಹುಣ್ಣಿಗೆ ಮೆತ್ತಿ, ಹಳೆ ಸೀರೆಯ ಚೂರಿನಿಂದ ಕಟ್ಟಿದರು. ಐದು ವರ್ಷ ಸ್ವಚ್ಛತೆಯ ಪಾಠ ಕೇಳಿದ್ದ ನನಗೆ ನೋಡಲಾಗಲಿಲ್ಲ.

“ಅತ್ತೆ, ಹುಣ್ಣೊಳಗೆ ಮಣ್ಣು ಹೋದ್ರೆ ಇನ್ನೂ ಕೀವಾಗಲ್ವಾ? ತೊಳೆದು ಹಚ್ಚಬಾರದಾ?”

“ತೊಳೀಬಾರ್ದು ಕಣವ್ವಾ. ತೊಳೆದ್ರೆ ಅದು ಬರೀ ಬೇರು,” ಎಂದರು. “ನಮ್ಮವ್ವನೂ ಹಿಂಗೇ ಹಚ್ಚೋಳು.”

ನಾನು ಹೊರಡುವ ದಿನ ಆ ಕುರಿ ಕುಂಟುತ್ತಲೇ ಮಂದೆಯ ಹಿಂದೆ ಮೇಯಲು ಹೋಯಿತು. ನನಗೆ ನನ್ನ ಗಿಡ ಸಿಕ್ಕಿತ್ತು. ಕೀವನ್ನು ಮೊದಲ ದಿನವೇ ಹತ್ತಿ ಕಡ್ಡಿಯಲ್ಲಿ ತೆಗೆದಿಟ್ಟುಕೊಂಡಿದ್ದೆ. ಅತ್ತೆಯ ಜೊತೆ ಗುಡ್ಡಕ್ಕೆ ಹೋಗಿ ಒಂದು ಚೀಲದ ತುಂಬ ಬೇರನ್ನೂ ಕೇಳಿ ಪಡೆದೆ.

“ಇದನ್ನ ಲ್ಯಾಬಲ್ಲಿ ಪರೀಕ್ಷೆ ಮಾಡ್ತೀನಿ ಅತ್ತೆ. ಏನಾದ್ರೂ ಸಿಕ್ಕಿದ್ರೆ ನಿಮ್ಮ ಹೆಸರು ಬರೆದು ಅಚ್ಚು ಹಾಕಿಸ್ತೀನಿ.”

“ನನ್ನ ಹೆಸರು ತಗಂಡು ಏನ್ ಮಾಡ್ತಿ? ಆ ಗಿಡ ಇರೋದು ಅದೊಂದು ಇಳಿಜಾರಿನಾಗೆ. ನಿನಗೆ ಬೇಕಾದ್ರೆ ಬಾ, ತಗಂಡು ಹೋಗು. ಊರಿಗೆಲ್ಲ ಹೇಳಬ್ಯಾಡ, ಅಷ್ಟೇ.”

ಹೇಳುವುದಿಲ್ಲ ಎಂದೆ.

ನಮ್ಮ ಲ್ಯಾಬಿನಲ್ಲಿ ನನಗೊಬ್ಬಳು ಗೆಳತಿಯಿದ್ದಳು. ಚನ್ನಗಿರಿ ಕಡೆಯವಳು, ಮನೆಯಲ್ಲಿ ಅಡಿಕೆ ವ್ಯಾಪಾರ. ನನಗಿಂತ ಎರಡು ವರ್ಷ ಮೊದಲು ಸೇರಿದ್ದರೂ ನಮ್ಮಲ್ಲಿ ಹಿರಿ-ಕಿರಿ ಎಂಬುದಿರಲಿಲ್ಲ. ಉರಿಯುವ ಬರ್ನರಿನ ಮುಂದೆ ನನ್ನ ಮಣಿಕಟ್ಟು ಹಿಡಿದು, ಗಾಜಿನ ಪ್ಲೇಟಿನ ಅಗರ್ ಲೋಳೆಯ ಮೇಲೆ ಬ್ಯಾಕ್ಟೀರಿಯಾವನ್ನು ಗೆರೆಯಾಗಿ ಎಳೆದು ಬೆಳೆಸುವುದನ್ನು ಕಲಿಸಿದವಳು ಅವಳೇ. ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದೆವು. ಅವಳ ಸ್ವಂತ ಕೆಲಸ, ಕೊಳೆಯುವ ಅಡಿಕೆ ಸಿಪ್ಪೆಯ ಮೇಲೆ ಬೆಳೆಯುವ ಶಿಲೀಂಧ್ರದ್ದು, ಮುಂದಕ್ಕೇ ಹೋಗುತ್ತಿರಲಿಲ್ಲ. ಅದರ ಬಗ್ಗೆ ಕೇಳಿದರೆ, “ನನ್ನದು ಬಿಡು, ನಿಂದು ಹೇಳು” ಎನ್ನುತ್ತಿದ್ದಳು.

ನಾನು ಕಲಿತಂತೆಯೇ ಮಾಡಿದೆ. ಬೇರನ್ನು ನಲ್ಲಿ ನೀರಿನಲ್ಲಿ ತೊಳೆದೆ, ಸ್ಪಿರಿಟ್ಟಿನಲ್ಲಿ ಅದ್ದಿದೆ, ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಸತ್ವ ತೆಗೆದೆ. ಕುರಿಯ ಕೀವಿನ ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನ ಅಗರಿನಲ್ಲಿ ಸಣ್ಣ ಕುಳಿ ಕೊರೆದು ಸತ್ವ ತುಂಬಿದೆ. ಔಷಧಿ ಗುಣವಿದ್ದರೆ ಕುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಒಂದು ತಿಳಿಯಾದ ಉಂಗುರ ಕಾಣಬೇಕು. ಕಾಣಲಿಲ್ಲ. ನೀರಿನಲ್ಲಿ ತೆಗೆದರೂ ಇಲ್ಲ, ಬೇರೆ ದ್ರಾವಕದಲ್ಲಿ ತೆಗೆದರೂ ಇಲ್ಲ. ಒಂದು ಮಳೆಗಾಲ ಪೂರ್ತಿ ಹೀಗೆ ಕಳೆಯಿತು. ಗೈಡ್ “ಹಳ್ಳಿಯವರ ನಂಬಿಕೆ ಕಣಮ್ಮ, ಬೇರೆ ಏನಾದ್ರೂ ನೋಡು” ಎಂದರು.

ಹೊನ್ನಾಳಿಯ ನಮ್ಮ ಮನೆಯಿಂದ ಲ್ಯಾಬಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಾಗ ಅತ್ತೆಯ ಮಾತು ಮತ್ತೆ ಕಿವಿಗೆ ಬಿತ್ತು. ಅವತ್ತೇ ಫ್ರಿಜ್ಜಿನಲ್ಲಿ ಉಳಿದಿದ್ದ ಬೇರಿನ ಒಂದು ತುಂಡನ್ನು, ಅಂಟಿದ ಮಣ್ಣಿನ ಸಮೇತ, ಪ್ಲೇಟಿನ ಮೇಲೆ ಹಾಗೇ ಇಟ್ಟೆ. ಮೂರನೇ ದಿನ, ಪ್ಲೇಟುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ ಬೇರಿನ ಪಕ್ಕದಲ್ಲಿ ಸೀಮೆಸುಣ್ಣದ ಪುಡಿಯಂಥ ಬಿಳಿ ಚುಕ್ಕೆಗಳು ಎದ್ದಿದ್ದವು. ಒಂದೊಂದರ ಸುತ್ತಲೂ ಗಾಜಿನಷ್ಟು ತಿಳಿಯಾದ ಉಂಗುರ. ಕೀವಿನ ಬ್ಯಾಕ್ಟೀರಿಯಾ ಅಲ್ಲಿಗೆ ಬಂದು ನಿಂತುಬಿಟ್ಟಿತ್ತು. ಕೆಲಸ ಮಾಡುತ್ತಿದ್ದದ್ದು ಬೇರಲ್ಲ, ಬೇರಿಗೆ ಅಂಟಿಕೊಂಡು ಬದುಕುವ ಒಂದು ಸೂಕ್ಷ್ಮಜೀವಿ. ನಾನು ಅಷ್ಟು ತಿಂಗಳು ಅದನ್ನೇ ತೊಳೆದು ಬಚ್ಚಲಿಗೆ ಬಿಟ್ಟಿದ್ದೆ.

ಗೆಳತಿಯನ್ನು ಕೂಗಿದೆ. ಅವಳು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ನಾನು ಎಲ್ಲವನ್ನೂ ಹೇಳಿದೆ: ಅತ್ತೆ, ಕುರಿ, “ತೊಳೆದ್ರೆ ಅದು ಬರೀ ಬೇರು” ಎಂಬ ಮಾತು. “ಎಂಥಾ ಮಾತು ಕಣೆ,” ಎಂದು ಅವಳು ಎರಡು ಸಲ ಅದನ್ನು ಬಾಯಲ್ಲಿ ಹೇಳಿಕೊಂಡಳು.

ಆ ಬಿಳಿ ಚುಕ್ಕೆಯ ಜೀವಿಯನ್ನು ಬೇರೆ ಮಾಡಿ, ಟ್ಯೂಬುಗಳಲ್ಲಿ ಕಲ್ಚರ್ ಆಗಿ ಬೆಳೆಸಿಟ್ಟೆ. ಆಮೇಲಿನ ತಿಂಗಳು ನನಗೆ ಟೈಫಾಯ್ಡ್ ಬಂತು. ಹೊನ್ನಾಳಿಯ ಮನೆಯಲ್ಲಿ ಗಂಜಿ ಕುಡಿದು ಮಲಗಿದ್ದೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಅವಳು ಬಸ್ಸು ಹತ್ತಿ ನೋಡಲು ಬಂದಳು. ಅಮ್ಮ ಅವಳಿಗೆ ರೊಟ್ಟಿ ಬಡಿದುಕೊಟ್ಟಳು.

“ಕಲ್ಚರ್ ಬಗ್ಗೆ ಚಿಂತೆ ಮಾಡಬ್ಯಾಡ. ವಾರಕ್ಕೊಂದು ಸಲ ಹೊಸ ಪ್ಲೇಟಿಗೆ ನಾನೇ ಹಾಕ್ತೀನಿ, ಸಾಯಾಕೆ ಬಿಡಲ್ಲ,” ಎಂದಳು. “ನಿನ್ನ ನೋಟ್‌ಬುಕ್ ಕೊಟ್ಟಿರು. ಹೆಂಗೆ ಮಾಡಿದ್ದೆ ಅಂತ ನೋಡ್ಕಂಡು ಮಾಡ್ತೀನಿ.”

ಕೊಟ್ಟೆ. ಅದರ ಕೊನೆಯ ಹಾಳೆಯಲ್ಲಿ ಬಸ್‌ಸ್ಟಾಪಿನಿಂದ ಆ ಇಳಿಜಾರಿನವರೆಗೆ ನಾನೇ ಕೈಯಲ್ಲಿ ಬರೆದ ನಕ್ಷೆಯಿತ್ತು. ಅದನ್ನು ಹರಿದಿಟ್ಟುಕೊಳ್ಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅವಳು ಹೋದ ಮೇಲೆ ಅಮ್ಮ, “ಎಂಥಾ ಹುಡುಗಿ ನೋಡು, ಒಡಹುಟ್ಟಿದೋರೂ ಇಷ್ಟು ಮಾಡಲ್ಲ” ಎಂದಳು.

ನಾನು ಲ್ಯಾಬಿಗೆ ಮರಳಿದಾಗ ಕಲ್ಚರ್ ಜೀವಂತವಾಗಿತ್ತು. ಮಾತು ಉಳಿಸಿಕೊಂಡಿದ್ದಳು. ಆದರೆ ಟ್ಯೂಬುಗಳ ಮೇಲೆ ನಾನು ಬರೆದಿದ್ದ ನನ್ನ ಹೆಸರಿನ ಮೊದಲಕ್ಷರವಿರಲಿಲ್ಲ, ಬೇರೆ ನಂಬರಿತ್ತು. ಕೇಳಿದರೆ, “ಸರ್ ಹೇಳಿದ್ರು, ಎಲ್ಲಾ ಒಂದೇ ತರ ಇರಲಿ ಅಂತ” ಎಂದಳು. ನೋಟ್‌ಬುಕ್ ಸರ್ ಹತ್ತಿರ ಇದೆ ಎಂದಳು. ಗೈಡ್ ಅದನ್ನು ಎಲ್ಲಿಟ್ಟೆನೋ ನೆನಪಿಲ್ಲ ಎಂದರು. ಆ ದಿನಗಳಲ್ಲಿ ಅವಳು ಮಧ್ಯಾಹ್ನ ಊಟಕ್ಕೆ ಬೇಗನೆ ಹೋಗಿ ಬಂದಿರುತ್ತಿದ್ದಳು. ನನಗೆ ಇನ್ನೂ ಪಥ್ಯವಿದೆಯಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ.

ತಿಳಿದದ್ದು ವಿಭಾಗದ ಸೆಮಿನಾರಿನಲ್ಲಿ. ಹೊರಗಿನಿಂದ ದೊಡ್ಡವರು ಬಂದಿದ್ದರು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅವಳು ಹಸಿರು ಸೀರೆಯುಟ್ಟು ವೇದಿಕೆಗೆ ಹೋದಳು. ಪರದೆಯ ಮೇಲೆ ನನ್ನ ಪ್ಲೇಟಿನ ಚಿತ್ರ ಬಂತು. ಅಂಚಿನಲ್ಲಿ ನನ್ನ ಬೆರಳು ತಗುಲಿ ಅಗರ್ ಸ್ವಲ್ಪ ಜಾರಿದ್ದ ಗುರುತಿತ್ತು, ಆದ್ದರಿಂದ ಅನುಮಾನಕ್ಕೆ ಜಾಗವಿರಲಿಲ್ಲ. ಕೆಳಗೆ ಅವಳ ಹೆಸರು, ಗೈಡ್ ಹೆಸರು. ಲೇಖನ ಆಗಲೇ ಒಂದು ಪತ್ರಿಕೆಯಲ್ಲಿ ಸ್ವೀಕಾರವಾಗಿತ್ತು.

“ಇದು ಹೇಗೆ ಹೊಳೆಯಿತು?” ಎಂದು ಯಾರೋ ಕೇಳಿದರು.

ಅವಳು ನಕ್ಕಳು. “ಆಕಸ್ಮಿಕ ಸರ್. ಒಂದು ದಿನ ಅವಸರದಲ್ಲಿ ಬೇರು ತೊಳೆಯೋದು ಮರೆತುಬಿಟ್ಟೆ.”

ಸಭೆಯಲ್ಲಿ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನನ್ನ ಕೈಯೂ ತಟ್ಟಿತು. ಅದೊಂದನ್ನು ಇವತ್ತಿಗೂ ನನಗೆ ಕ್ಷಮಿಸಿಕೊಳ್ಳಲಾಗಿಲ್ಲ. ಕೆಲಸ ಕದ್ದದ್ದು ಒಂದು ಕಡೆಗಿರಲಿ, ಅತ್ತೆಯ ತಾಯಿಯಿಂದ ಅತ್ತೆಗೆ ಬಂದ ತಿಳಿವಳಿಕೆಯನ್ನು ಅವಳು ಒಂದು ಮರೆವು ಮಾಡಿಬಿಟ್ಟಿದ್ದಳು.

ಗೈಡ್ ಕೋಣೆಗೆ ಹೋದೆ. ಅವರು ಕೂರಲು ಹೇಳಿದರು, ಸಿಟ್ಟು ಮಾಡಲಿಲ್ಲ. “ಮಾದರಿ ತಂದಿದ್ದು ನೀನು, ಒಪ್ತೀನಿ. ಅದಕ್ಕೆ ಕೊನೇಲಿ ಕೃತಜ್ಞತೆ ಹೇಳಿದೀವಲ್ಲಮ್ಮ. ಜೀವಿಯನ್ನು ಗುರುತಿಸಿದ್ದು, ಬರೆದದ್ದು ಎಲ್ಲ ಅವಳು. ಅವಳು ಈ ವರ್ಷ ಥೀಸಿಸ್ ಮುಗಿಸಲೇಬೇಕು. ನಿನಗೆ ಇನ್ನೂ ಸಮಯ ಇದೆ.”

“ನಮ್ಮ ಅತ್ತೆ ಹೇಳಿದ್ದು, ಸರ್?”

“ವೈಜ್ಞಾನಿಕ ಲೇಖನದಲ್ಲಿ ಕುರಿ ಕಾಯೋರ ಕತೆ ಬರೆಯೋಕಾಗುತ್ತೇನಮ್ಮ?”

ಗೆಳತಿ, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಕೋಣೆಯಲ್ಲಿದ್ದಳು. ಯಂತ್ರ ಹಬೆ ಬಿಡುತ್ತಿತ್ತು, ಗಟ್ಟಿಯಾಗಿ ಮಾತಾಡದೆ ವಿಧಿಯಿರಲಿಲ್ಲ.

“ಯಾಕೆ ಹಿಂಗೆ ಮಾಡಿದೆ?”

ಅವಳು ನನ್ನ ಮುಖ ನೋಡಲಿಲ್ಲ. “ಮನೇಲಿ ಗಂಡು ನೋಡಿದಾರೆ. ಈ ವರ್ಷ ಥೀಸಿಸ್ ಆಗ್ಲಿಲ್ಲ ಅಂದ್ರೆ ಓದು ಬಿಡಿಸ್ತಾರೆ. ಸರ್ ಕೇಳಿದ್ರು, ಬರೀತೀಯಾ ಅಂತ. ನಾನು ಹೂಂ ಅಂದೆ.”

“ನನ್ನನ್ನ ಒಂದು ಮಾತು ಕೇಳಬಹುದಿತ್ತು.”

“ಕೇಳಿದ್ರೆ ಕೊಡ್ತಿದ್ದೆ ನೀನು. ಅದು ಗೊತ್ತಿತ್ತು. ಆಮೇಲೆ ಬದುಕಿರೋ ತನಕ ನಿನ್ನ ಋಣದಾಗಿರಬೇಕಿತ್ತು,” ಎಂದಳು. “ನೀನು ಮಲಗಿದ್ದಾಗ ಅದನ್ನ ಬದುಕಿಸಿದ್ದು ನಾನೇ ಅಲ್ವಾ?” ಎಂದೂ ಸೇರಿಸಿದಳು.

ಅದು ನಿಜ. ಅವಳಿಲ್ಲದಿದ್ದರೆ ಆ ಕಲ್ಚರ್ ಸಾಯುತ್ತಿತ್ತು. ನಾನು ಹೊರಗೆ ಬಂದೆ.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಂಡು ಇರುತ್ತಿದ್ದೆನೋ ಏನೋ. ಎರಡು ವಾರ ಕಳೆದ ಮೇಲೆ ಅಕ್ಕ ಫೋನ್ ಮಾಡಿದಳು. ಹಲೋ ಕೂಡ ಹೇಳಲಿಲ್ಲ.

“ಯಾರನ್ನೇ ಕಳಿಸಿದ್ದೆ ನೀನು?”

ಒಂದು ಜೀಪಿನಲ್ಲಿ ನಾಲ್ಕು ಜನ ಬಂದಿದ್ದರಂತೆ. ನನ್ನ ಹೆಸರು ಹೇಳಿದರಂತೆ. ನನ್ನ ಕೈಬರಹದ ನಕ್ಷೆ ತೋರಿಸಿದರಂತೆ. ಅತ್ತೆ ಅವರಿಗೆ ಚಹಾ ಕೊಟ್ಟು ತಾವೇ ಮುಂದೆ ಹೋಗಿ ಇಳಿಜಾರು ತೋರಿಸಿದ್ದಾರೆ. ಮೂರು ನಾಲ್ಕು ಗಿಡ ತೆಗೆಯಬಹುದು ಎಂದುಕೊಂಡು ಅವರನ್ನು ಅಲ್ಲೇ ಬಿಟ್ಟು, ಕುರಿ ಬಿಡಲು ಮನೆಗೆ ಬಂದಿದ್ದಾರೆ. ತಿರುಗಿ ಹೋಗಿ ನೋಡುವಷ್ಟರಲ್ಲಿ ಪಿಕಾಸಿಯಿಂದ ಇಡೀ ಇಳಿಜಾರನ್ನು ಅಗೆದು, ಮಣ್ಣಿನ ಸಮೇತ ಚೀಲಗಳಿಗೆ ತುಂಬಿದ್ದರು.

ಮರುದಿನವೇ ಹೋದೆ. ಅತ್ತೆ ರೊಪ್ಪದಲ್ಲಿ ಹಿಕ್ಕೆ ಗುಡಿಸುತ್ತಿದ್ದರು. ನಾನು ಕಾಲು ತೊಳೆದು ಒಳಗೆ ಹೋಗದೆ ಅಲ್ಲಿಯೇ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಗೆಳತಿಯ ವಿಷಯ, ಗೈಡ್ ವಿಷಯ, ನೋಟ್‌ಬುಕ್ ವಿಷಯ. ಹೇಳುತ್ತಾ ಹೇಳುತ್ತಾ ಅಳು ಬಂತು. ಅವರು ಪೊರಕೆ ಹಿಡಿದೇ ಪೂರ್ತಿ ಕೇಳಿಸಿಕೊಂಡರು.

“ಅವಳು ನಿನಗೆ ಮೋಸ ಮಾಡಿದ್ಲು ಅಂತೀಯ,” ಎಂದರು. “ನನಗೆ ಅವಳು ಯಾರೋ ಗೊತ್ತಿಲ್ಲ ಕಣವ್ವಾ. ನಾನು ಗುಡ್ಡ ತೋರಿಸಿದ್ದು ನಿನ್ನ ಹೆಸರು ಕೇಳಿ.”

ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಮತ್ತೆ ಗುಡಿಸತೊಡಗಿದರು. ಅಕ್ಕ ಬಾಗಿಲಲ್ಲಿ ನಿಂತು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು.

ನಾನು ಗುಡ್ಡಕ್ಕೆ ಒಬ್ಬಳೇ ಹೋದೆ. ಮೊಣಕಾಲುದ್ದದ ಗುಂಡಿಗಳು, ಅಲ್ಲಲ್ಲಿ ಬಾಡಿ ಬಿದ್ದ ಕಾಂಡಗಳು. ಎಷ್ಟೋ ಹೊತ್ತು ಕೈಯಿಂದ ಗುಂಡಿಗಳಿಗೆ ಮಣ್ಣು ಎಳೆದೆ. ಅದರಿಂದ ಏನಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಊರಿಗೆ ಬಂದು ವಿಶ್ವವಿದ್ಯಾಲಯಕ್ಕೆ ದೂರು ಬರೆದೆ. ನೋಟ್‌ಬುಕ್ ಸಿಗಲಿಲ್ಲ. ಆದರೆ ಇನ್‌ಕ್ಯುಬೇಟರ್ ಪಕ್ಕದಲ್ಲಿ ಯಾರ ಪ್ಲೇಟು ಯಾವತ್ತು ಇಟ್ಟದ್ದು ಎಂದು ಬರೆಯುವ ರಿಜಿಸ್ಟರಿತ್ತು, ಅದರಲ್ಲಿ ನನ್ನ ಸಹಿಗಳಿದ್ದವು. ವಿಚಾರಣಾ ಸಮಿತಿಯವರು ಮೂರು ಸಲ ಕರೆದರು. ಕೊನೆಗೆ ಲೇಖನಕ್ಕೆ ಒಂದು ತಿದ್ದುಪಡಿ ಬಂತು, ನನ್ನ ಹೆಸರು ಎರಡನೆಯದಾಗಿ ಸೇರಿತು. ಅತ್ತೆಯ ಹೆಸರೂ ಬೇಕು ಎಂದು ಹಟ ಹಿಡಿದೆ. “ಸ್ಥಳೀಯರ ಮಾಹಿತಿಯಂತೆ” ಎಂಬ ಎರಡು ಪದ ಸಿಕ್ಕಿತು. ಜೀಪಿನವರು ಯಾರು ಎಂದು ಗೈಡ್ ಕೊನೆಗೂ ಹೇಳಲಿಲ್ಲ. ಯಾವುದೋ ಔಷಧಿ ತಯಾರಕರಿಗೆ ಮಾದರಿ ಬೇಕಿತ್ತು, ಅಷ್ಟೇ ಎಂದರು. ನಕ್ಷೆ ಕೊಟ್ಟವರು ಯಾರು ಎಂದು ನಾನು ಕೇಳಿದಾಗ ಗೆಳತಿ ಸಮಿತಿಯ ಮುಂದೆ ತಲೆ ತಗ್ಗಿಸಿದಳು. ಅವಳ ಥೀಸಿಸ್ ಆಯಿತು, ಮದುವೆಯೂ ಆಯಿತು. ನಾನು ಸಂಶೋಧನೆ ಬಿಟ್ಟೆ.

ಈಗ ನ್ಯಾಮತಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಒಂದು ಸಲ ಸವಳಂಗದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಎದುರಿಗೇ ಸಿಕ್ಕಳು. “ಹೆಂಗಿದೀಯೇ?” ಎಂದಳು, ಹಳೆಯ ದನಿಯಲ್ಲೇ. ಬಾಯಿ ತನ್ನಷ್ಟಕ್ಕೆ “ಚೆನ್ನಾಗಿದೀನಿ” ಎಂದಿತು. ಇಬ್ಬರೂ ಬಸ್ಸು ಬರುವ ದಾರಿಯನ್ನು ನೋಡುತ್ತಾ ನಿಂತೆವು. ಅವಳ ಮಣಿಕಟ್ಟಿನ ಬರ್ನರ್ ಸುಟ್ಟ ಕಲೆ ಹಾಗೆಯೇ ಇತ್ತು. ಅದು ಆದ ದಿನ ಟೂತ್‌ಪೇಸ್ಟ್ ಹಚ್ಚಿದವಳು ನಾನು. ಅವಳ ಬಸ್ಸು ಮೊದಲು ಬಂತು.

ಅಕ್ಕನ ಊರಿಗೆ ಹೋಗುವುದನ್ನು ಬಿಟ್ಟಿಲ್ಲ. ಅತ್ತೆ ಊಟಕ್ಕೆ ಬಡಿಸುತ್ತಾರೆ, ಕಾಲೇಜಿನ ಸುದ್ದಿ ಕೇಳುತ್ತಾರೆ, ಹೊರಡುವಾಗ ಹುರಿದ ಶೇಂಗಾ ಕಟ್ಟಿಕೊಡುತ್ತಾರೆ. ಹೋದ ಸಲ ಒಂದು ಮರಿಯ ಕಾಲಿಗೆ ಮುಳ್ಳು ಹೊಕ್ಕು ಕೀವಾಗಿತ್ತು. ಅವರು ಕುಡುಗೋಲು ತೆಗೆದುಕೊಂಡು ಹೊರಟಾಗ ನಾನೂ ಚಪ್ಪಲಿ ಹಾಕಿಕೊಂಡು ಎದ್ದೆ.

“ನೀನು ಇಲ್ಲೇ ಇರು,” ಎಂದರು. ದನಿಯಲ್ಲಿ ಕೋಪವಿರಲಿಲ್ಲ.

ಅವರು ಹಿಂದಿನ ಗುಡ್ಡದ ಕಡೆಗೆ ತಿರುಗದೆ ಊರಿನ ಇನ್ನೊಂದು ದಿಕ್ಕಿಗೆ ನಡೆದದ್ದು ಕಾಣಿಸಿತು. ಆ ಗಿಡ ಈಗ ಎಲ್ಲಿ ಸಿಗುತ್ತದೆ ಎಂದು ಅಕ್ಕನನ್ನು ಕೇಳಬಹುದಿತ್ತು. ಕೇಳಲಿಲ್ಲ. ಮರಿಯನ್ನು ಹಿಡಿದುಕೊಂಡು ರೊಪ್ಪದಲ್ಲಿ ಕೂತೆ.