ಚೆನ್ನಯನ ಬಕೆಟ್ ಲೆಕ್ಕ

ಬಿಸಿನೀರಿನ ಟ್ಯಾಂಕು ಕೂರಿಸಲು ಯಾರ ಮನೆಗೆ ಹೋದರೂ ಚೆನ್ನಯ ಮೊದಲು ನೋಡುತ್ತಿದ್ದುದು ಬಚ್ಚಲಿನ ಬಕೆಟನ್ನು. ಅದರಲ್ಲಿ ಎಷ್ಟು ನೀರು ಹಿಡಿಯುತ್ತದೆಂದು ಅಳೆದು, ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಮೊದಲು ಎಷ್ಟು ಮಂದಿ ಮೀಯುತ್ತಾರೆಂದು ವಿಚಾರಿಸಿ, ಆಮೇಲೆ ಪೆನ್ಸಿಲು ತೆಗೆಯುತ್ತಿದ್ದ. ಕಾರ್ಕಳದ ಕಡೆಯವನು. ಕಲ್ಯಾಣದ ಹೋಟೆಲೊಂದರಲ್ಲಿ ನೀರು ಕಾಯಿಸುವ ಕೆಲಸಕ್ಕೆ ಸೇರಿ, ನಲ್ಲಿ, ಪೈಪುಗಳ ಕೆಲಸ ಕಲಿತು, ಒಂದು ಅಂಗಡಿಯಲ್ಲಿ ಫಿಟ್ಟರನಾಗಿದ್ದ. ಮಾತು ಮೆದು. ಆದರೆ ಮನಸ್ಸಿಗಾದ ಗಾಯವನ್ನು ಒಣಗಲು ಬಿಡುತ್ತಿರಲಿಲ್ಲ.

೨೦೦೬ರಲ್ಲಿ ಸಾನಪಾಡಾದ ನಮ್ಮ ಕಟ್ಟಡದ ಟೆರೇಸಿನಲ್ಲಿ ಎಲ್ಲರಿಗೂ ಸೇರಿ ಒಂದು ಸೋಲಾರ್ ಟ್ಯಾಂಕು ಹಾಕಿಸುವುದೆಂದು ತೀರ್ಮಾನವಾಯಿತು. ಚೆನ್ನಯ ಇಪ್ಪತ್ತನಾಲ್ಕು ಮನೆಗಳ ಬಾಗಿಲು ತಟ್ಟಿದ. ಊರಿನಿಂದ ಕೆಲಸ ಹುಡುಕಿಕೊಂಡು ಬಂದು ಉಳಿದಿದ್ದ ಅಣ್ಣನ ಮಕ್ಕಳು, ಮೈದುನಂದಿರು, ಯಾರನ್ನೂ ಬಿಡದೆ ಎಣಿಸಿ ನೂರಹದಿನೆಂಟು ಮಂದಿ ಎಂದ. ತಲೆಗೊಂದು ಬಕೆಟ್ ಬಿಸಿನೀರು. ಪೈಪಿನಲ್ಲಿ ನಿಂತು ಆರುವ ನೀರು ಬೇರೆ. ಎರಡೂವರೆ ಸಾವಿರ ಲೀಟರ್ ಬೇಕೆಂದು ಚೀಟಿ ಬರೆದುಕೊಟ್ಟ.

ಆಗಿನ ಕಾರ್ಯದರ್ಶಿ ವಸಂತಕುಮಾರರು ಬ್ಯಾಂಕಿನ ಅಧಿಕಾರಿ. ಚೀಟಿ ನೋಡಿ ನಕ್ಕರು.

“ಏನಯ್ಯಾ, ನೀನು ಇಂಜಿನಿಯರಾ? ಮನೆಗೆ ಅರವತ್ತು ಲೀಟರ್ ಸಾಕು ಅಂತ ಕಂಪೆನಿಯ ಪುಸ್ತಕದಲ್ಲೇ ಉಂಟು. ಒಂದೂವರೆ ಸಾವಿರದ್ದು ಹಾಕು.”

“ಪುಸ್ತಕದವರು ನಿಮ್ಮ ನೆಂಟರನ್ನು ಎಣಿಸಿಲ್ಲ ಸಾರ್.”

“ಬಕೆಟ್ ಎಣಿಸುವವನ ಹತ್ತಿರ ನಾನು ಲೆಕ್ಕ ಕಲೀಬೇಕಾ?”

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಂದೂವರೆ ಸಾವಿರದ್ದೇ ಟೆರೇಸಿನಲ್ಲಿ ಕೂತಿತು.

ಡಿಸೆಂಬರಿನಲ್ಲಿ ಆರೂವರೆಯ ಮೇಲೆ ನಲ್ಲಿ ತಿರುಗಿಸಿದವರಿಗೆ ತಣ್ಣೀರು. ಸಭೆಯಲ್ಲಿ ಕೂಗಾಟವಾದಾಗ ವಸಂತಕುಮಾರರು ಶಾಂತವಾಗಿ, “ಅಳತೆ ತೆಗೆದದ್ದು ಚೆನ್ನಯ. ತಪ್ಪು ಅವನದ್ದು,” ಎಂದರು. ಅಂದು ನಕ್ಕಿದ್ದ ನಾವೂ ಅದನ್ನೇ ಒಪ್ಪಿಕೊಂಡೆವು. ಅಂಗಡಿಯವರು ಅವನನ್ನು ಕೆಲಸದಿಂದ ಬಿಡಿಸಿದರು. ‘ತಣ್ಣೀರು ಚೆನ್ನಯ’ ಎಂದು ಹೆಸರು ಬಿದ್ದು, ಈ ಕಡೆ ಯಾರೂ ಅವನನ್ನು ಕೆಲಸಕ್ಕೆ ಕರೆಯದಾದರು.

ಒಂದು ದಿನ ಆ ಚೀಟಿ ಹಿಡಿದು ನನ್ನ ಮನೆಗೆ ಬಂದ. “ಇದನ್ನು ಜೋಪಾನ ಇಡ್ತೇನೆ ಮಾಷ್ಟ್ರೇ. ನನಗೆ ಬೇರೆಂತದೂ ಬೇಡ. ತಪ್ಪು ಯಾರದ್ದೂಂತ ಇದೇ ಮೆಟ್ಟಿಲಲ್ಲಿ ಆ ಕಾರ್ಯದರ್ಶಿ ಒಪ್ಪಬೇಕು.” ಹೋಗುವಾಗ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದ. ಏಕೆಂದು ನನಗೆ ತಿಳಿಯಲಿಲ್ಲ.

ಎಂಟು ವರ್ಷಗಳಲ್ಲಿ ಅವನು ಕಾಮೋಠೆಯಲ್ಲಿ ಹೊಸದಾಗಿ ಹೆಸರು ಸಂಪಾದಿಸಿದ. ನಮ್ಮ ಟ್ಯಾಂಕು ತುಕ್ಕು ಹಿಡಿದು ಸೋರತೊಡಗಿದಾಗ ಹೊಸ ಕಾರ್ಯದರ್ಶಿ ಮಾನಸಿ ವಿಚಾರಿಸಿದಲ್ಲೆಲ್ಲ ಅವನ ಹೆಸರೇ ಬಂತು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಹಳೆಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಚೆನ್ನಯ ಒಂದು ಷರತ್ತು ಹಾಕಿದ.

“ಮನೆಮನೆಗೆ ಹೋಗಿ ಎಣಿಸ್ಬೇಕು. ವಸಂತಕುಮಾರ್ ಸಾರ್ ಬಕೆಟ್ ಹಿಡ್ಕೊಂಡು ನನ್ನೊಟ್ಟಿಗೆ ಬರ್ಲಿ.”

“ಅಂಕಲ್, ಅವರಿಗೆ ವಯಸ್ಸಾಯ್ತು. ರೆಹನೇ ದೋ ನಾ, ಬಿಟ್ಟುಬಿಡಿ.”

“ಹಾಗಾದ್ರೆ ಬೇರೆ ಫಿಟ್ಟರನ್ನು ನೋಡಿಯಮ್ಮ.”

ಎಂಟು ಚಳಿಗಾಲ ತಣ್ಣೀರು ಮಿಂದವರಿಗೆ ವಸಂತಕುಮಾರರ ಮೇಲೆ ಕರುಣೆ ಬರಲಿಲ್ಲ. “ಹೋಗಿ ಸಾರ್, ವಾಕಿಂಗೂ ಆಗ್ತದೆ,” ಎಂದರು. ಒಂದು ಭಾನುವಾರ ಅವರು ಬಕೆಟ್ ಹಿಡಿದು ಹೊರಟರು. ಪೆನ್ಸಿಲು ಹಿಡಿದ ಚೆನ್ನಯ ಒಂದು ಹೆಜ್ಜೆ ಹಿಂದೆ.

“ಕೇಳಿ ಸಾರ್.”

“ಬಿಸಿನೀರು ಎಷ್ಟು ಬಕೆಟ್ ಬೇಕು?”

“ಸ್ವಲ್ಪ ದೊಡ್ಡದಾಗಿ. ಅವರಿಗೆ ಕೇಳಿಸ್ಲಿಲ್ಲ.”

ಬಾಗಿಲು ಬಾಗಿಲಿಗೂ ಇದೇ. ಹಿಂದೆ ಹತ್ತು ಹನ್ನೆರಡು ಜನ ಸೇರಿದರು. ವಸಂತಕುಮಾರರ ಮನೆ ಎರಡನೆಯ ಮಹಡಿಯಲ್ಲಿತ್ತು. ಚೆನ್ನಯ ಅದನ್ನು ದಾಟಿ ಹೋಗಿ ಕೊನೆಗೆ ಉಳಿಸಿಕೊಂಡಿದ್ದ. ಬಾಗಿಲು ತೆರೆದ ಅವರ ಹೆಂಡತಿ ನಳಿನಾಕ್ಷಿ ಗಂಡನ ಕೈಯಲ್ಲಿದ್ದ ಬಕೆಟನ್ನು ನೋಡಿದರು.

“ಇದೆಂತ ವೇಷ?”

“ಬಿಸಿನೀರು ಎಷ್ಟು ಬೇಕೂಂತ ಕೇಳ್ತಾ ಇದ್ದಾರಮ್ಮ,” ಎಂದ ಚೆನ್ನಯ.

“ನಮಗೆಂತಕ್ಕೆ? ಕರೆಂಟಿನ ಗೀಸರ್ ಉಂಟಲ್ಲ. ಸೋಲಾರ್ ಸಾಲುವುದಿಲ್ಲಾಂತ ಆ ವರ್ಷ ಚಳಿಗೆ ಮೊದಲೇ ಇವರು ಹಾಕಿಸಿದ್ದು.”

ಸಾಲದೆಂದು ಗೊತ್ತಿದ್ದೂ ವಸಂತಕುಮಾರರು ತಪ್ಪನ್ನು ಚೆನ್ನಯನ ತಲೆಗೆ ಕಟ್ಟಿದ್ದರು. ಅಂದು ಅವನು ಮೀಟರ್ ಬೋರ್ಡಿನಲ್ಲಿ ನೋಡಿದ್ದು ಗೀಸರಿಗೆಂದು ಅವರ ಮನೆಗೆ ಎಳೆದ ಹೊಸ ದಪ್ಪ ವೈರನ್ನು.

ಚೆನ್ನಯ ಆ ಮನೆಯ ಮುಂದೆ ಸೊನ್ನೆ ಬರೆದುಕೊಂಡ. ಜೇಬಿನಿಂದ ಹಳೆಯ ಚೀಟಿ ತೆಗೆದು, ಅವರ ಕೈಯಿಂದ ಬಕೆಟ್ ತೆಗೆದುಕೊಂಡು ಬೋರಲು ಹಾಕಿ, ಅದರ ಮೇಲೆ ಚೀಟಿ ಇಟ್ಟ.

“ಒಂದೂವರೆ ಸಾವಿರ ಯಾರು ಹೇಳಿದ್ದೂಂತ ಇದರ ಹಿಂಬದಿಗೆ ಬರೆದು ಸೈನ್ ಹಾಕಿ ಸಾರ್.”

“ಬಿಡಿ ಅಂಕಲ್,” ಎಂದಳು ಮಾನಸಿ. ಅವನು ಬಿಡಲಿಲ್ಲ. ವಸಂತಕುಮಾರರು ಬಗ್ಗಿ ಬರೆದು ಸೈನ್ ಹಾಕಿದರು. ಚೆನ್ನಯ ಅದನ್ನು ಅವರಿಂದಲೇ ಮೆಟ್ಟಿಲಿನವರೆಲ್ಲರಿಗೆ ಕೇಳುವಂತೆ ಎರಡು ಸಲ ಓದಿಸಿದ. ಕ್ಷಮಿಸಿಬಿಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ನಾನು ಅಂದು ಎರಡು ಸಲವೂ ಕಿವಿಗೊಟ್ಟು ಕೇಳಿದೆ.

ಚೀಟಿ ಒಂದು ತಿಂಗಳು ನೋಟೀಸ್ ಬೋರ್ಡಿನಲ್ಲಿತ್ತು. ಹೊಸ ಟ್ಯಾಂಕಿನ ಬಿಸಿನೀರು ನೆಲಮಹಡಿಯ ನನ್ನ ನಲ್ಲಿಗೂ ಬಂದ ದಿನ ಚೆನ್ನಯ ಚೀಟಿಯನ್ನು ಬೋರ್ಡಿನಿಂದ ಬಿಡಿಸಿಕೊಂಡ.

“ಇನ್ನಾದರೂ ಹರಿದುಬಿಡು ಮಾರಾಯ,” ಎಂದೆ.

“ಇಲ್ಲ ಮಾಷ್ಟ್ರೇ,” ಎಂದು ಅದನ್ನು ನಾಲ್ಕಾಗಿ ಮಡಚಿ, ಎದೆಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.